ಸೌಟಿನ ಲೆಕ್ಕ

ಲೀಮಾದಲ್ಲಿ ಮಳೆ ಬರುವುದಿಲ್ಲ. ಮಂಜು ಬರುತ್ತದೆ,
ಬಂದು ತಿಂಗಳುಗಟ್ಟಲೆ ಕೂತುಬಿಡುತ್ತದೆ
ಕರೆಯದೆ ಬಂದ ನೆಂಟನ ಹಾಗೆ.
ಗುಡ್ಡದ ತುದಿಯ ನಮ್ಮ ಓಣಿಗೆ
ಹಳದಿ ಬಳಿದ ಮುನ್ನೂರ ಹದಿನಾರು ಮೆಟ್ಟಿಲು.
ನೀರಿನ ಲಾರಿ ಕೆಳಗೇ ನಿಲ್ಲುತ್ತದೆ.
ಮೇಲಕ್ಕೆ ಬರುವುದೆಲ್ಲ ಬೆನ್ನ ಮೇಲೆಯೇ:
ನೀರು, ಗ್ಯಾಸ್ ಸಿಲಿಂಡರ್, ಕೂಸು, ಸುದ್ದಿ.

ಇಲ್ಲಿ ಎಂಟು ಮನೆಯ ಹೆಂಗಸರು ಸೇರಿ
ಒಂದೇ ಹಂಡೆ ಇಟ್ಟಿದ್ದೇವೆ.
ತೆಯೋಫಿಲಾ ಸೌಟು ಹಿಡಿಯುತ್ತಾಳೆ, ನಾನು ಪುಸ್ತಕ.
ಹೆಸರು, ಮನೆ ನಂಬರು, ಎಷ್ಟು ಪಾಲು, ಎಷ್ಟು ಬಾಕಿ.
ಬಾಕಿಯ ಕಾಲಂ ಅಗಲವಾಗಿ ಗೀಚಿಕೊಂಡಿದ್ದೇನೆ,
ಅನುಭವದಿಂದ.
ಪಾಲಿಗೆ ಒಂದೂವರೆ ಸೋಲ್. ಸೋಲ್ ಅಂದರೆ ಸೂರ್ಯ.
ಅರ್ಧ ವರ್ಷ ಸೂರ್ಯನೇ ಕಾಣದ ಊರಲ್ಲಿ
ಅವನನ್ನು ಮುರಿದು ಚಿಲ್ಲರೆ ಮಾಡುತ್ತೇವೆ.

ನಸುಕಿಗೆ ಮಾರ್ಕೆಟ್ಟಿನಿಂದ ಬೇಡಿ ತಂದದ್ದು:
ತಲೆ ಮುರಿದ ಕ್ಯಾರೆಟ್, ಕೋಳಿಯ ಕಾಲು,
ಒಂದು ಮಗ್ಗುಲು ಕಪ್ಪಾದ ಕುಂಬಳ.
ಕೊಳೆತದ್ದನ್ನು ಕೆತ್ತಿ ತೆಗೆದರೆ ಉಳಿಯುವುದು ಊಟವೇ.
ಮನುಷ್ಯರೂ ಹಾಗೆಯೇ, ಅನ್ನುತ್ತಾಳೆ ತೆಯೋಫಿಲಾ.
ನನಗೆ ಅಷ್ಟು ಖಾತ್ರಿ ಇಲ್ಲ.

ಯೆರ್ಸೋನ್‌ಗೆ ಒಂಬತ್ತು ವರ್ಷ.
ಎರಡು ಡಬ್ಬಿ ತರುತ್ತಾನೆ, ಒಂದು ಐಸ್‌ಕ್ರೀಮಿನದು,
ಇನ್ನೊಂದರ ಮುಚ್ಚಳಕ್ಕೆ ಹುರಿ ಕಟ್ಟಿದೆ.
ಪುಸ್ತಕದಲ್ಲಿ ಇರುವುದು ಎರಡು ಪಾಲು: ಅವನು, ತಂಗಿ.
ತೆಯೋಫಿಲಾ ಹಾಕುವುದು ಮೂರು ಸೌಟು.
ಮೂರನೆಯದು ಯಾರಿಗೆಂದು ಎಲ್ಲರಿಗೂ ಗೊತ್ತು.
ಹೋದ ವರ್ಷ ಗ್ಯಾಸಿನ ದುಡ್ಡು ಕಾಣೆಯಾದಾಗ
ಅವನ ತಾಯಿ ನೆರಿಡಾಳಿಗೆ ನಾವು ಒಂದು ಮಾತು ಅಂದೆವು.
ದುಡ್ಡು ಆಮೇಲೆ ಸಿಕ್ಕಿತು, ಅಕ್ಕಿ ಡಬ್ಬದ ಕೆಳಗೆ.
ಅಂದ ಮಾತು ಸಿಗಲಿಲ್ಲ.

ಒಂದು ದಿನ ಹುಡುಗ ಪುಸ್ತಕದೊಳಗೆ ಇಣುಕಿದ.
"ಅಕ್ಕಾ, ಕೂಡಿಸಿದ್ದು ತಪ್ಪು.
ನೂರಾ ಹನ್ನೆರಡು ಬರೆದಿದ್ದೀರಿ,
ನಾನು ನಿಂತು ಎಣಿಸಿದೆ, ನೂರಾ ಹದಿಮೂರು."
ಸೌಟು ನಿಂತಿತು. ಸಾಲು ನಿಂತಿತು.
ಯಾರದೋ ಕೂಸು ಮಾತ್ರ ಅಳುತ್ತಿತ್ತು.
"ಆ ಒಂದು ನಮ್ಮಮ್ಮನದು. ಬರೆಯಿರಿ.
ಬರೆಯದಿದ್ದರೆ ಅವಳು ತೀರಿಸುವುದು ಹೇಗೆ?"

ಬರೆದೆ. ನೆರಿಡಾ ಕಿಸ್ಪೆ, ಮನೆ ನಲವತ್ತೊಂದು, ಪಾಲು ಒಂದು.
ಅಕ್ಷರ ಸೊಟ್ಟಗಾಯಿತು.
ಪೆನ್ನಿನ ದೋಷ ಅನ್ನೋಣ.

ಅವಳು ಮರುದಿನ ಬರಲಿಲ್ಲ. ಅದರ ಮರುದಿನವೂ.
ಹತ್ತನೆಯ ದಿನವೋ ಹನ್ನೊಂದನೆಯದೋ,
ಬೀಗ ತೆಗೆಯಲು ಹೋದರೆ
ಮೆಟ್ಟಿಲ ಮೇಲೆ ಕೂತಿದ್ದಳು, ಸ್ವಂತ ಚಾಕು ತಂದು.
ಹಳೆಯದನ್ನು ಯಾರೂ ಎತ್ತಲಿಲ್ಲ.
ಆಲೂಗಡ್ಡೆಯ ಚೀಲ ನಡುವೆ ಎಳೆದುಕೊಂಡೆವು.
ಅವಳ ಕೈಯಲ್ಲಿ ಸಿಪ್ಪೆ ತೆಳ್ಳಗೆ, ಉದ್ದಕ್ಕೆ, ತುಂಡಾಗದೆ ಇಳಿಯುತ್ತದೆ;
ನನ್ನದರಲ್ಲಿ ಅರ್ಧ ಗಡ್ಡೆಯೇ ಹೋಗುತ್ತದೆ.
"ಹೀಗೆ ಹೆರೆದರೆ ಎರಡು ಪಾಲು ಕಡಿಮೆ," ಎಂದಳು.
ಒಂದು ವರ್ಷದ ಮೇಲೆ
ಅವಳು ನಮಗೆ ಆಡಿದ ಮೊದಲ ಮಾತು ಅದು.

ಈಗ ಸಂಜೆ, ಹಂಡೆ ಬೋರಲು ಹಾಕಿದ ಮೇಲೆ,
ತರಕಾರಿ ಹೆಚ್ಚುವ ಮೇಜಿನ ಸುತ್ತ ಮಕ್ಕಳು ಓದುತ್ತಾರೆ.
ಒಂದೇ ಬಲ್ಬು. ನೋಟ್‌ಬುಕ್ಕಿಗೆಲ್ಲ ಈರುಳ್ಳಿಯ ವಾಸನೆ.
ಮೇಷ್ಟ್ರು ಮೂಗು ಮುಚ್ಚಿಕೊಂಡರಂತೆ,
ಮಾರ್ಕು ಮಾತ್ರ ಪೂರ್ತಿ ಕೊಟ್ಟರಂತೆ.
ಚಿಕ್ಕವರಿಗೆ ಭಿನ್ನರಾಶಿ ಹೇಳಿಕೊಡುವವನು ಯೆರ್ಸೋನ್:
ಹಂಡೆ ಅಂದರೆ ಒಂದು.
ಸೌಟು ಅಂದರೆ ನೂರಾ ಹದಿಮೂರರಲ್ಲಿ ಒಂದು.
ತಂಗಿ ಕೇಳುತ್ತಾಳೆ: ತಳಕ್ಕೆ ಹತ್ತಿದ್ದು?
ಅದು ಶೇಷ, ಅನ್ನುತ್ತಾನೆ.
ಅದನ್ನು ಹಂಡೆ ತೊಳೆಯುವವರಿಗೆ ಬಿಡಬೇಕು.

ನಾಳೆ ತೊಳೆಯುವ ಪಾಳಿ ನನ್ನದು.