ಅಳತೆ ಟೇಪಿನ ಮೇಲೆ

ಕೋಡಿಬಾಗದ ಹೊಲಿಗೆಯಂಗಡಿ, ಮಧ್ಯಾಹ್ನ.
ಕಿಟಕಿಯಾಚೆಯ ಕಾಡುಬಾದಾಮಿಯಿಂದ ಬಂದು
ಟೇಪಿನ ಮೇಲೆ ಕೂತಿದೆ:
ಕಂದು ಮೈ, ಕಡಲೆಬೇಳೆಯಷ್ಟು.
ಮೂಗು ಮಾತ್ರ ಮೈಗಿಂತ ಒಂದು ಗೆರೆ ಉದ್ದ.

ಆನೆಹುಳ, ಅಂದಳು ಗುಂಡಿ ಹಚ್ಚುವ ಶೆವಂತಿ.
ಕುಟುಕ್ತದೆ, ಹೊಸಕಿಬಿಡಿ ಅಕ್ಕಾ,
ಅಂದ ಬ್ಲೌಸು ಒಯ್ಯಲು ಬಂದ ತಾಂಡೇಲರ ಹುಡುಗ.
ತಡಿಯೋ, ಅಂದೆ.
ಚಾಳೀಸು ಏರಿಸಿದೆ.

ಮೀಸೆ ತಲೆಯಲ್ಲಿಲ್ಲ.
ಮೂಗಿನ ನಡುವಿಂದಲೇ ಹೊರಟು
ಮೊಣಕೈಯಂತೆ ಮಡಚಿದೆ.
ಗುರುತಿಗೆ ಅಷ್ಟು ಸಾಕು: ಸೊಂಡಿಲ ಹುಳು,
ಕಾಯಿ ಕೊರೆಯುವ ಜಾತಿ.
ಬಾಯಿರುವುದು ಆ ಮೂಗಿನ ತುದಿಗೆ;
ತೂತು ಕೊರೆದು, ಹಿಂದುಮುಂದಾಗಿ ತಿರುಗಿ
ಅದರೊಳಗೆ ಮೊಟ್ಟೆ ಇಡುತ್ತಾಳೆ.

ನಿನ್ನೆ ಜಜ್ಜಿದ ಬಾದಾಮಿಯಲ್ಲಿ
ಅಂಚು ಹೊಲಿಯದ ಕಾಜದಂಥ ತೂತು,
ಒಳಗೆ ಬರೀ ಪುಡಿ.
ಬೈದಿದ್ದೆ, ಯಾರನ್ನೆಂದು ತಿಳಿಯದೆ.

ಸೀಮೆಸುಣ್ಣದ ತುದಿ ತಾಗಿಸಿದೆನಷ್ಟೆ,
ಕಾಲೆಲ್ಲ ಮಡಚಿ ಮಗುಚಿಬಿತ್ತು.
ಸತ್ತಿತು ಪಾಪ, ಅಂದಳು ಶೆವಂತಿ.
ಹುಡುಗ ಮಾತಾಡಲಿಲ್ಲ,
ಬ್ಲೌಸಿನ ಹುಕ್ಕು ಎಣಿಸುತ್ತಿದ್ದ.

ನಾನು ಗಾಲಿ ತಿರುಗಿಸಿದೆ.
ಒಂದು ತೋಳು ಮುಗಿಯುವಷ್ಟರಲ್ಲಿ
ಒಂಬತ್ತನೇ ಇಂಚಿನಲ್ಲಿದ್ದದ್ದು
ಇಪ್ಪತ್ತೆಂಟು ದಾಟಿ ನಡೆದಿದೆ,
ಮೂಗನ್ನು ಮುಂದೆ ಮುಂದೆ ಊರುತ್ತ,
ಯಾವ ಗಿರಾಕಿಯ ಸೊಂಟವನ್ನೂ ಲೆಕ್ಕಿಸದೆ.

ಹುಡುಗ ನಕ್ಕ. ನಾನೂ.
ಅಷ್ಟರಲ್ಲಿ ಟಕ್ಕೆಂದಿತು.
ಹದಿನಾರನೇ ನಂಬರಿನ ಸೂಜಿ,
ಮೊನ್ನೆಯಷ್ಟೇ ಹಾಕಿದ್ದು.