ಹೊಟ್ಟೆ ಸೀಳು

ಬೇಲೇಕೇರಿಯಲ್ಲಿ ನಮಗೆ ಸ್ಲೇಟು ಬೇಕಿಲ್ಲ,
ಇಳಿತಕ್ಕೆ ಸಮುದ್ರವೇ ಒರೆಸಿ ಕೊಡುತ್ತದೆ.
ಠ ಎಂದರೆ ಬಂಗಡೆಯ ಕಣ್ಣು, ರೆಪ್ಪೆ ಬಡಿಯದು.
ಗ, ಬೋರಲು ಹಾಕಿದ ದೋಣಿ;
ಅದರಡಿ ಮಲಗಿದ ನಾಯಿಗೆ ಇನ್ನೂ ಅಕ್ಷರ ಸಿಕ್ಕಿಲ್ಲ.

‘ದ’ಕ್ಕೂ ‘ಧ’ಕ್ಕೂ ಏನು ಫರಕು ಅಂದೆ.
ತುಳಸು, ಆರು ವರ್ಷ,
ಮೀನು ಕೊಯ್ಯುವ ಆಯಿಯ ಕಡೆ ನೋಡಿ,
“ಹೊಟ್ಟೆ ಸೀಳಿದ್ರೆ ಧ, ಇಲ್ದಿದ್ರೆ ದ.”

ಆ ಸಂಜೆಯೇ ದೋಣಿಯ ಹಣೆ ಓದಿದಳು:
ದ... ನ... ಲ... ಕ್ಷ್ಮಿ.
“ಅಪ್ಪಾ, ದನ ಎಲ್ಲಿ ಕಟ್ಟಿದ್ದೆ?”

ಹನ್ನೊಂದು ವರ್ಷ ಅದೇ ಹೆಸರಲ್ಲಿ ಕಡಲಿಗಿಳಿದವನು
ಬೀಡಿ ಕೆಳಗಿಟ್ಟ.
ಡಾಂಬರಿನ ಕಡ್ಡಿ ಅವಳ ಕೈಗೆ ಕೊಟ್ಟು
ಹೆಗಲ ಮೇಲೆ ಎತ್ತಿದ.
ಒಂದು ಗೀಟು. ಸ್ವಲ್ಪ ಸೊಟ್ಟ.

ಆಯಿ ದೂರದಿಂದಲೇ:
“ಹಗೂರ ಸೀಳೇ, ಒಳಗೆ ಮೊಟ್ಟೆ ಇದ್ದೀತು!”