ಕಿವಿಯ ಪಂದ್ಯ, ಕಣ್ಣಿನ ಪಂದ್ಯ

ಎಡಗಿವಿಗೆ ರೇಡಿಯೋ, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು,
ಕೈಯಲ್ಲಿ ಮಾತೆ ಚಹಾದ ಬುರುಡೆ.
ಮೊಂತೆವಿದೆಯೋದ ಆಗಸ್ಟ್ ಚಳಿ
ನದಿ ದಾಟಿ ಬಂದು ಸಿಮೆಂಟಿನ ಮೆಟ್ಟಿಲ ಮೇಲೆ
ನನಗಿಂತ ಮೊದಲೇ ಕೂತಿದೆ.
ಗೋಲ್ ಕಂಬದ ಹಿಂದೆ
ಮುಚ್ಚಿಹೋದ ಮಾಂಸದ ಕಾರ್ಖಾನೆಯ ಚಿಮಣಿ.
ಇಪ್ಪತ್ತು ವರ್ಷ ಅಲ್ಲಿ ಮೂಳೆ ಬಿಡಿಸಿದವನು ನಾನು.
ಮಾಂಸ ಎಷ್ಟು, ಕೊಬ್ಬು ಎಷ್ಟು,
ತಕ್ಕಡಿ ಬೇಕಿಲ್ಲ ನನಗೆ.

ಇಲ್ಲಿ ಯಾವತ್ತೂ ಎರಡು ಪಂದ್ಯ.
ಒಂದು ಹುಲ್ಲಿನ ಮೇಲೆ,
ಇನ್ನೊಂದು ಒರೆಸ್ತೆ ಲಗಾರ್ದಾನ ಗಂಟಲಲ್ಲಿ.

ಹೋದ ವಾರ ಕಣ್ಣು ಕಂಡದ್ದು:
ಹತ್ತೊಂಬತ್ತರ ಹುಡುಗ ತೆಚೇರಾ ಎಡವಿದ,
ಚೆಂಡು ಅವನ ಮೊಣಕಾಲಿಗೆ ಬಡಿದು
ಗೋಲ್‌ಕೀಪರನ ಕೈ ಸಂದಿಯಲ್ಲಿ ಒಳಗೆ ಜಾರಿತು.
ಎರಡುಸಿರು ಬಿಟ್ಟು ಕಿವಿ ಕೇಳಿದ್ದು:
ಆ ಮೊಣಕಾಲಿಗೆ ಕಣ್ಣಿದೆ ಮಹನೀಯರೇ!
ಯುರೋಪೇ, ತಿಜೋರಿ ತೆರೆ!

ಮರುದಿನ ಪತ್ರಿಕೆಯ ಮುಖಪುಟ ತುಂಬ ಮೊಣಕಾಲು.
ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ,
ಕರುವಿಗೆ ಬೆಲೆಯನ್ನೂ ಕಟ್ಟಿಬಿಟ್ಟರು:
ತೊಂಬತ್ತು ಲಕ್ಷ ಡಾಲರು.
ಹತ್ತಕ್ಕೆ ಒಂಬತ್ತು ಅಂಕ.
ನನ್ನ ಲೆಕ್ಕದಲ್ಲಿ ನಾಲ್ಕು, ಎಡವಿದ್ದಕ್ಕೂ ಸೇರಿ.

ಎಬೆರ್ ಇರಿಗೋಯ್ತಿಯಾನಿಗೆ ಐದು.
ಪಕ್ಕದಲ್ಲಿ ಒಂದೇ ಪದ: ಸಾಧಾರಣ.
ಮೂವತ್ತನಾಲ್ಕರ ಲೆಫ್ಟ್ ಬ್ಯಾಕು, ಮಂಡಿಗೆ ಎರಡು ಪಟ್ಟಿ.
ಎದುರಾಳಿ ಓಡಬೇಕಾದ ದಾರಿಯಲ್ಲಿ
ಅವನಿಗಿಂತ ಮೊದಲೇ ಹೋಗಿ ನಿಂತಿರುತ್ತಾನೆ,
ಬಸ್ಸಿಗೆ ಕಾಯುವವನ ಹಾಗೆ.
ಇಡೀ ತೊಂಬತ್ತು ನಿಮಿಷ ಅವನು ಮಾಡಿದ್ದು
ಏನೂ ಆಗದಂತೆ ನೋಡಿಕೊಂಡದ್ದು.
ಆಗದೇ ಹೋದ ಗೋಲಿಗೆ
ಫೋಟೋ ಎಲ್ಲಿಂದ ತರೋಣ?

ನಿದಿಯಾ ಅನ್ನುತ್ತಾಳೆ, ಪಕ್ಕದ ಮೆಟ್ಟಿಲವಳು:
ವಾಲ್ದೆಮಾರ್, ನಿನಗೆ ಹುಡುಗರನ್ನು ಕಂಡರೆ ಹೊಟ್ಟೆಕಿಚ್ಚು.
ಇಲ್ಲ ಮಾರಾಯ್ತಿ.
ಅವನ ತಾಯಿ ಗೇಟಿನ ಹತ್ತಿರ ಕರಿದ ರೊಟ್ಟಿ ಮಾರುತ್ತಾಳೆ,
ನಾನೇ ಕೊಳ್ಳುತ್ತೇನೆ, ವಾರಕ್ಕೆರಡು.
ಹೊಗಳಿ ಹೊನ್ನಶೂಲಕ್ಕೇರಿಸುವವರು
ಇಳಿಯಲು ಏಣಿ ತರುವುದಿಲ್ಲ, ಅದು ನನ್ನ ಸಂಕಟ.
ನೋಡುತ್ತಿರು, ಮೂರು ಪಂದ್ಯ ಗೋಲಿಲ್ಲದಿದ್ದರೆ
ಇದೇ ಒರೆಸ್ತೆ ಅನ್ನುತ್ತಾನೆ: ಬರೀ ಬಲೂನು.
ಊದಿದ ಬಾಯಿ ಯಾರದಪ್ಪಾ?

ಒಂದು ಮಾತು ಮಾತ್ರ ಅವಳಿಗೂ ಹೇಳಿಲ್ಲ.

ಗಾರಿಬೋತ್ತೋ ಐವರನ್ನು ದಾಟಿ ಹೊಡೆದ ಆ ಗೋಲು,
ಬಾರಿನ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಲೋಟ ಜೋಡಿಸಿ
ನೂರು ಸಲ ತೋರಿಸಿದ್ದೇನೆ.
ನಾಲ್ವರೇ ಅಂದವನ ಕಾಲರ್ ಹಿಡಿದಿದ್ದೇನೆ.
ನಾನದನ್ನು ನೋಡಿದವನಲ್ಲ.
ನನಗಾಗ ಒಂಬತ್ತು, ಗಂಟಲು ಬಾತಿತ್ತು,
ಅಡಿಗೆಮನೆಯಲ್ಲಿ ಕಂಬಳಿ ಹೊದ್ದು
ಅಪ್ಪನ ರೇಡಿಯೋಗೆ ಕೆನ್ನೆ ಒತ್ತಿ ಕೂತಿದ್ದೆ.
ಯಾರೋ ಒಬ್ಬ ಒರೆಸ್ತೆ ಐದು ಅಂದ, ಐದಾಯಿತು.
ಮುಂದಿನ ವರ್ಷ ಮೈದಾನದಲ್ಲಿ ಕಂಡ ಗಾರಿಬೋತ್ತೋ
ಕುಳ್ಳ, ಅರೆಬೋಳು,
ಅರ್ಧ ಗಂಟೆಗೇ ಸೊಂಟಕ್ಕೆ ಕೈ ಕೊಟ್ಟು ನಿಂತ.
ನಾನು ನನ್ನ ಕಣ್ಣನ್ನು ನಂಬಲಿಲ್ಲ.

ಇವತ್ತು ಎಂಬತ್ತೆಂಟನೇ ನಿಮಿಷ.
ಇರಿಗೋಯ್ತಿಯಾ ಕೆಸರಿನಿಂದ ಕಿತ್ತು ಕೊಟ್ಟ ಚೆಂಡು.
ತೆಚೇರಾ ಅದನ್ನು ಹಿಮ್ಮಡಿಯಿಂದ ಸವರಿ
ಮೈ ಒಂದು ಕಡೆ, ಚೆಂಡು ಇನ್ನೊಂದು ಕಡೆ,
ಬಾಗಿಲು ಇಲ್ಲದಲ್ಲಿ ಬಾಗಿಲು ತೆಗೆದು ಹೊರಟ.
ಕೊನೆಗೆ ಕಂಬಕ್ಕೆ ಬಡಿದು ಆಚೆ ಹೋಯಿತು.
ರೇಡಿಯೋದಲ್ಲಿ ಆ ಹೊತ್ತಿಗೆ
ಹಾಸಿಗೆ ಅಂಗಡಿಯ ಜಾಹೀರಾತು.

ಏಳು ಕೊಟ್ಟೆ. ಪತ್ರಿಕೆ ನಾಲ್ಕು ಕೊಡುತ್ತದೆ, ಗೋಲಿಲ್ಲವಲ್ಲ.

ಅವನು ದಾಟಿದ್ದು ಇಬ್ಬರನ್ನು. ಇಬ್ಬರೇ.
ಹೊರಗೆ ರೊಟ್ಟಿಯ ಸಾಲಿನಲ್ಲಿ ನಿದಿಯಾ
ಹುಡುಗನ ತಾಯಿಗೆ ಹೇಳುತ್ತಿದ್ದಳು: ಮೂವರು!
ತಾಯಿ ನನ್ನ ಮುಖ ನೋಡಿದಳು.
ನಾನು ತಿದ್ದಲಿಲ್ಲ.